ಒಂಬತ್ತು ಹತ್ತರ ಸೂರ್ಯೋದಯ

ವರ್ಷದಲ್ಲಿ ಎರಡು ಭಾನುವಾರ ಜಗದೇವಪ್ಪನಿಗೆ ರಜೆಯೆಂಬುದಿರಲಿಲ್ಲ. ಮಾರ್ಚ್ ಕೊನೆಗೊಂದು, ಅಕ್ಟೋಬರ್ ಕೊನೆಗೊಂದು. ದಕ್ಷಿಣ ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವನು ಎಲೆಕ್ಟ್ರಿಷಿಯನ್. ಅಲ್ಲಿದ್ದ ಮುನ್ನೂರ ಹನ್ನೆರಡು ಗಡಿಯಾರಗಳನ್ನು ಮಾರ್ಚಿನಲ್ಲಿ ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಕೆಲಸ ಬೇರೆ ಯಾರಿಗೂ ಬೇಡವಾಗಿ ಅವನ ಕೊರಳಿಗೆ ಬಿದ್ದಿತ್ತು. ಬೆಳಿಗ್ಗೆ ಆರಕ್ಕೆ ಏಣಿ ಹೆಗಲಿಗೇರಿಸಿಕೊಂಡು ಹೊರಟರೆ ಎಲ್ಲ ವಾರ್ಡು, ಎಲ್ಲ ಕಾರಿಡಾರು ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೇಳಿಕೊಳ್ಳುವಂಥ ಕೆಲಸವೇನಲ್ಲ. ಆದರೆ ಅವನು ಹೇಳಿಕೊಳ್ಳುತ್ತಿದ್ದ, ಅದೂ ಸಿಕ್ಕಸಿಕ್ಕವರಿಗೆಲ್ಲ.

ಆಸ್ಪತ್ರೆಯ ಹತ್ತಿರದ ಟೂಟಿಂಗ್ ಬಡಾವಣೆಯ ಹಾಲ್‌ನಲ್ಲಿ ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದರೆ, ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ ಅವನ ಭಾಷಣ ತಪ್ಪಿದ್ದಲ್ಲ. ಕುದುರೆಯ ಮೇಲೆ ಬೆಳಗಿನ ಸವಾರಿಗೆ ಹೋಗುತ್ತಿದ್ದ ಒಬ್ಬ ಕಟ್ಟಡ ಕಟ್ಟಿಸುವವನಿಗೆ, ಬಿಸಿಲು ಬಿದ್ದರೂ ಕಿಟಕಿ ತೆರೆಯದೆ ಮಲಗಿರುವ ಲಂಡನ್ನಿನವರನ್ನು ಕಂಡು ಹೊಟ್ಟೆ ಉರಿಯಿತಂತೆ. ಬೇಸಿಗೆಯಲ್ಲಿ ಗಡಿಯಾರ ಮುಂದಿಡಿ ಎಂದು ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದ. ಪಾರ್ಲಿಮೆಂಟಿನವರು ವರ್ಷಗಟ್ಟಲೆ ಅವನನ್ನು ಗೇಲಿ ಮಾಡಿದರು. ಅವನು ಸತ್ತ ಮರುವರ್ಷ, ಮೊದಲ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು ಜರ್ಮನಿ ಗಡಿಯಾರ ತಿರುಗಿಸಿತು. ಕೆಲವೇ ವಾರಗಳಲ್ಲಿ ಇಂಗ್ಲೆಂಡೂ ತಿರುಗಿಸಿತು. ಎರಡನೆಯ ಯುದ್ಧದಲ್ಲಂತೂ ಎರಡೆರಡು ಗಂಟೆ ಮುಂದೆ ಓಡಿಸಿದರು. ಇದನ್ನೆಲ್ಲ ಜಗದೇವಪ್ಪ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಕೇಳುವವರ ಸಾರು ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯ ಜೀವನದಲ್ಲಿ ಒಂದೇ ಒಂದು ಗಂಟೆಯ ಲೆಕ್ಕ ತಪ್ಪಿದ. ಆ ಗಂಟೆ ಅವನ ಮಗಳದಾಗಿತ್ತು.

ಬಿಜಾಪುರದಿಂದ ಅವನೂ ಹೆಂಡತಿ ರತ್ನಾಬಾಯಿಯೂ ಬಂದದ್ದು ೧೯೬೯ರ ಏಪ್ರಿಲಿನಲ್ಲಿ. ಟೂಟಿಂಗಿನಲ್ಲಿ ಒಂದೇ ಕೋಣೆ. ಗ್ಯಾಸಿನ ಮೀಟರಿಗೆ ನಾಣ್ಯ ಹಾಕಿದರೆ ಬಿಸಿ, ಇಲ್ಲದಿದ್ದರೆ ಇಲ್ಲ. ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಜಗದೇವಪ್ಪ ಆಗ ಬಲ್ಬಿನ ಕಾರ್ಖಾನೆಯಲ್ಲಿದ್ದ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ. ಕೈಗಡಿಯಾರವನ್ನು ಕಾರ್ಖಾನೆಯ ಸೈರನ್ನಿಗೆ ಹೊಂದಿಸಿಕೊಂಡರೆ ಮುಗಿಯಿತು. ಎರಡೂವರೆ ವರ್ಷದ ಮೇಲೆ ಒಂದು ಅಕ್ಟೋಬರಿನಲ್ಲಿ, ಗಡಿಯಾರ ಹಿಂದಿಡಿ ಎಂದು ಕಾರ್ಖಾನೆಯವರು ಚೀಟಿ ಅಂಟಿಸಿದಾಗ ಅವನಿಗೆ ಆಶ್ಚರ್ಯವಾಯಿತು. ಹಿಂದಿನ ವರ್ಷಗಳಲ್ಲೂ ಹೀಗೇ ಆಗಿರಬೇಕು, ಹೊಸಬನಾದ ನನಗೆ ತಿಳಿದಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದ. ಆಮೇಲೆ ಆಸ್ಪತ್ರೆಯ ಕೆಲಸ ಸಿಕ್ಕಿತು, ಏಣಿ ಸಿಕ್ಕಿತು. ಬೇಸಿಗೆಗೆ ಮುಂದೆ, ಚಳಿಗೆ ಸರಿಯಾದ ಸಮಯ, ಇದು ಅವನಿಗೆ ಬಾಯಿಪಾಠವಾಯಿತು.

ಉಷಾ ಹುಟ್ಟಿದ್ದು ೧೯೭೦ರ ಜನವರಿ ಇಪ್ಪತ್ತರಂದು, ಮಂಗಳವಾರ. ಈ ದೇಶದ ಜನನ ಪತ್ರದಲ್ಲಿ ಹುಟ್ಟಿದ ವೇಳೆ ಬರೆಯುವುದಿಲ್ಲ. ತೊಟ್ಟಿಲಿಗೆ ಕಟ್ಟಿದ್ದ ಚೀಟಿಯಲ್ಲಿ ನರ್ಸು ಬರೆದಿದ್ದಳು: ಬೆಳಿಗ್ಗೆ ಒಂಬತ್ತು ಹತ್ತು. ಜಗದೇವಪ್ಪ ಆ ಚೀಟಿ ಬಿಚ್ಚಿಕೊಂಡು ಪಾಸ್‌ಪೋರ್ಟಿನೊಳಗಿಟ್ಟ. ರತ್ನಾಬಾಯಿಗೆ ಚೀಟಿ ಬೇಕಿರಲಿಲ್ಲ.

"ಕೂಸು ಅಳೂದಕ್ಕೂ ಕಿಡಕ್ಯಾಗ ಕೆಂಪು ಮೂಡೂದಕ್ಕೂ ಒಂದಾತು ನೋಡ್ರಿ," ಎಂದಿದ್ದಳು. "ಸೂರ್ಯಾ ಹುಟ್ಟೂ ಹೊತ್ತಿನ್ಯಾಗ ಹುಟ್ಟ್ಯಾಳ. ಉಷಾ ಅಂತ ಹೆಸರಿಡೂಣು."

ಹೆಸರಿಗೆ ಅವನ ಅಡ್ಡಿಯಿರಲಿಲ್ಲ. ಆದರೆ ಆಸ್ಪತ್ರೆ ಸೇರಿದ ಮೇಲೆ, ಸಮಯದ ವಿಷಯದಲ್ಲಿ ಯಾರು ಏನೇ ಅಂದರೂ ತಿದ್ದುವ ಚಟ ಹತ್ತಿತು. "ಒಂಬತ್ತೂ ಹತ್ತಕ್ಕ ಎಲ್ಲಿ ಸೂರ್ಯಾ ಹುಟ್ಟತಾನ? ಜನವರ್ಯಾಗ ಇಲ್ಲಿ ಎಂಟಕ್ಕ ಬೆಳಕ ಹರೀತದ. ಬ್ಯಾನ್ಯಾಗ ಇದ್ದಿ, ನಿನಗೇನ ತಿಳೀಬೇಕು," ಎಂದು ಪ್ರತಿ ಹುಟ್ಟುಹಬ್ಬಕ್ಕೂ ನಗುತ್ತಿದ್ದ.

"ನಾ ಕಂಡೀನ್ರಿ," ಎನ್ನುತ್ತಿದ್ದಳು ಅವಳು. ಇಪ್ಪತ್ತು ವರ್ಷ ಅದೇ ಮಾತು, ಅದೇ ನಗು. ಹೆತ್ತವಳ ಕಣ್ಣಿಗಿಂತ ನರ್ಸಿನ ಚೀಟಿ ದೊಡ್ಡದು ಎಂದು ಅವನಿಗೆ ಯಾರು ಹೇಳಿಕೊಟ್ಟರೋ.

೧೯೯೦ರಲ್ಲಿ ಮಗಳಿಗೆ ಇಪ್ಪತ್ತು ತುಂಬಿದಾಗ ಜಾತಕ ಬರೆಸುವ ಮನಸ್ಸಾಯಿತು. ಬಿಜಾಪುರದ ಅಮೃತಪ್ಪ ಮಾಸ್ತರರು ರಿಟೈರ್ ಆದ ಗಣಿತದ ಮೇಷ್ಟರು. ದುಡ್ಡಿಗಾಗಿ ಕುಂಡಲಿ ಹಾಕುವವರಲ್ಲ, ಲೆಕ್ಕದ ಹುಚ್ಚಿಗಾಗಿ ಹಾಕುವವರು. ಅವರು ಕಾಗದ ಬರೆದು ಕೇಳಿದರು: ಆ ದೇಶದಲ್ಲಿ ಗಡಿಯಾರ ಮುಂದೆ ಹಿಂದೆ ಮಾಡುತ್ತಾರೆಂದು ಓದಿದ್ದೇನೆ, ಕೂಸು ಹುಟ್ಟಿದಾಗ ಗಡಿಯಾರ ಹೇಗಿತ್ತು, ವಿಚಾರಿಸಿ ತಿಳಿಸು.

ವಿಚಾರಿಸುವುದೇನು ಬಂತು? ಜಗದೇವಪ್ಪ ಅಂದೇ ಉತ್ತರ ಬರೆದ. "ಜನವರಿ ಎಂದರೆ ಚಳಿಗಾಲ. ಗಡಿಯಾರ ಸರಿಯಾದ ಸಮಯದಲ್ಲೇ ಇತ್ತು. ಈ ವಿಷಯದಲ್ಲಿ ನೀವು ನಿಶ್ಚಿಂತರಾಗಿರಬೇಕು, ಗಡಿಯಾರ ತಿರುಗಿಸುವುದೇ ನನ್ನ ಉದ್ಯೋಗ."

ತಿಂಗಳಲ್ಲಿ ಜಾತಕ ಬಂತು. ಕುಂಭ ಲಗ್ನ, ಎರಡನೆಯ ಮನೆಯಲ್ಲಿ ಕುಜ. ಕುಜದೋಷ. ಇಂಥ ಹುಡುಗಿಯನ್ನು ದೋಷವಿಲ್ಲದ ಹುಡುಗನಿಗೆ ಕೊಟ್ಟರೆ ಗಂಡನಿಗೆ ಕೇಡು ಎಂಬ ನಂಬಿಕೆ ಊರಲ್ಲೂ ಇತ್ತು, ಟೂಟಿಂಗಿನಲ್ಲೂ ಇತ್ತು. ಅಷ್ಟು ದೂರ ವಿಮಾನದಲ್ಲಿ ಬಂದವರು ಅದನ್ನೊಂದು ಬಿಟ್ಟು ಬಂದಿರಲಿಲ್ಲ.

ಉಷಾ ಫಾರ್ಮಸಿ ಓದಿದ ಹುಡುಗಿ. ಸಟನ್‌ನಲ್ಲಿದ್ದ ಧಾರವಾಡದವರ ಮಗ ಚಂದ್ರಶೇಖರ್ ಅವಳಿಗೆ ಮೆಚ್ಚಿಗೆಯಾಗಿದ್ದ, ಅವನಿಗೆ ಅವಳು. ಎರಡು ಮನೆಯವರಿಗೂ ಗೊತ್ತಿತ್ತು, ಬೇಡವೆನ್ನುವವರಿರಲಿಲ್ಲ. ಹುಡುಗನ ತಾಯಿ ಸುಶೀಲಾಬಾಯಿ ಸಂಪ್ರದಾಯಕ್ಕೆಂದು ಜಾತಕ ಕೇಳಿದರು, ಅಷ್ಟೇ.

ಅವತ್ತು ಉಷಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನನ್ನು ಬೇಡಿಕೊಂಡಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷೇ. ನಮ್ಮಲ್ಲಿ ಜಾತಕವಿಲ್ಲ, ಬರೆಸಿಲ್ಲ ಎಂದು ಹೇಳಿಬಿಡಿ, ಇಷ್ಟು ಮಾಡಿ ಡ್ಯಾಡ್ ಎಂದಳು.

"ಸುಳ್ಳ ಹೇಳಾಕ ನನಗ ಬರೂದಿಲ್ಲವ್ವಾ. ನಾಳೆ ಆ ಹುಡುಗಗ ಏನರ ಆದ್ರ?"

ಜಾತಕ ಕಳಿಸಿದ. ವಾರದೊಳಗೆ ಸುಶೀಲಾಬಾಯಿ ಫೋನ್ ಮಾಡಿ, ಇರೂದೊಂದ ಮಗಾ ಅಣ್ಣಾ, ತಪ್ಪ ತಿಳ್ಕೋಬ್ಯಾಡ್ರಿ ಎಂದು ಅತ್ತರು. ಚಂದ್ರಶೇಖರ್ ತಾಯಿಯ ಮಾತು ಮೀರುವ ಗಂಡಸಾಗಿರಲಿಲ್ಲ. ಮರುವರ್ಷ ಅವನ ಮದುವೆಯ ಕರೆಯೋಲೆ ಬಂತು. ಜಗದೇವಪ್ಪ ಹೋಗಿ ಉಂಡು ಬಂದ, ಸತ್ಯ ಹೇಳಿದವನಿಗೆ ಹೆದರಿಕೆ ಏನು ಎಂದುಕೊಂಡು.

ಆಮೇಲೆ ನಾಲ್ಕು ಸಂಬಂಧ ಬಂದವು, ನಾಲ್ಕೂ ಕುಜನಿಗೆ ಬಲಿಯಾದವು. ಕೊನೆಗೆ ಸಿಕ್ಕವನು ಈಸ್ಟ್ ಹ್ಯಾಮ್‌ನ ಉಮಾಶಂಕರ. ಕಲಬುರ್ಗಿ ಕಡೆಯವನು, ಉಷಾಳಿಗಿಂತ ಒಂಬತ್ತು ವರ್ಷ ದೊಡ್ಡವನು, ಸಗಟು ಅಂಗಡಿಯ ಮ್ಯಾನೇಜರು. ಅವನ ಜಾತಕದಲ್ಲೂ ಕುಜದೋಷವಿತ್ತು. ದೋಷಕ್ಕೆ ದೋಷ ಸಮ, ಎರಡೂ ಕಳೆದುಹೋಗುತ್ತವೆ ಎಂದು ಎಲ್ಲರೂ ಅಂದರು. ಉಮಾಶಂಕರನ ಗುಣ ಹೇಗೆ, ಕುಡಿಯುತ್ತಾನೆಯೇ, ಕೈ ಎತ್ತುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಅದನ್ನು ಕೇಳಲು ಕುಂಡಲಿಯಲ್ಲಿ ಮನೆಯಿಲ್ಲ. ೧೯೯೩ರಲ್ಲಿ ಮದುವೆಯಾಯಿತು.

ಮೊದಲ ಸಲ ಉಷಾ ತೌರಿಗೆ ಬಂದಾಗ ತುಟಿ ಒಡೆದಿತ್ತು. ಎರಡನೆಯ ಸಲ ಅವಳು ಆರು ತಿಂಗಳ ಬಸುರಿ. ಮೂರನೆಯ ಸಲ ಸ್ಫೂರ್ತಿ ಎಂಬ ಮೂರು ತಿಂಗಳ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದಳು. ಮೂರು ಸಲವೂ ರತ್ನಾಬಾಯಿ ಇಲ್ಲೇ ಇರ್ಲಿ ಅಂದಳು. ಮೂರು ಸಲವೂ ಜಗದೇವಪ್ಪ ಒಂದೇ ಮಾತು ಹೇಳಿದ: "ನಿನಗ ಹೊಂದೂ ಜಾತಕ ಇದೊಂದ ಅದವ್ವಾ. ಸ್ವಲ್ಪ ಸೈಸ್ಕೊ. ಇವನ್ನ ಬಿಟ್ರ ಯಾರದಾರ?" ಮೂರನೆಯ ಸಲವಂತೂ ಟೂಟಿಂಗ್ ಬ್ರಾಡ್‌ವೇ ಸ್ಟೇಷನ್ನಿನವರೆಗೆ ಕೂಸಿನ ಗಾಡಿ ತಾನೇ ತಳ್ಳಿಕೊಂಡು ಹೋಗಿ ಟ್ಯೂಬ್ ರೈಲು ಹತ್ತಿಸಿ ಬಂದ. ಅವನು ಕೆಟ್ಟವನಲ್ಲ. ಮಗಳ ಹಣೆಬರಹವನ್ನು ತಾನು ಓದಿದ್ದೇನೆ ಎಂದು ನಂಬಿದ್ದ. ಕೆಟ್ಟವನಾಗಿದ್ದರೆ ಒಮ್ಮೆಯಾದರೂ ತನ್ನ ಮೇಲೆ ತನಗೆ ಅನುಮಾನ ಬರುತ್ತಿತ್ತೇನೋ.

೧೯೯೬ರ ಜನವರಿಯಲ್ಲಿ ಗಡಿಯಾರದ ಜಗಳ ಮತ್ತೆ ಎದ್ದಿತು. ಫ್ರಾನ್ಸ್, ಜರ್ಮನಿಯವರ ಹಾಗೆ ನಾವೂ ಒಂದು ಗಂಟೆ ಮುಂದಿರೋಣ ಎಂಬ ಮಸೂದೆ ಪಾರ್ಲಿಮೆಂಟಿಗೆ ಬಂದಿತ್ತು. ಸಂಜೆ ಬೆಳಕಿದ್ದರೆ ರಸ್ತೆಯಲ್ಲಿ ಸಾಯುವವರು ಕಡಿಮೆಯಾಗುತ್ತಾರೆ ಎಂದು ಒಂದು ಕಡೆಯವರು. ಬೆಳಗಿನ ಕತ್ತಲಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಕೊಲ್ಲುತ್ತೀರಾ ಎಂದು ಇನ್ನೊಂದು ಕಡೆಯವರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತವರೂ ಎರಡು ಪಂಗಡವಾದರು. ಜಗದೇವಪ್ಪನಿಗೆ ಹಬ್ಬ. ಕುದುರೆ ಸವಾರನಿಂದ ಶುರುಮಾಡಿ ಎರಡನೆಯ ಯುದ್ಧದವರೆಗೆ ಬಂದ.

ಎದುರಿಗೆ ಕೂತಿದ್ದ, ರೋಗಿಗಳ ಗಾಡಿ ತಳ್ಳುವ ಪೋರ್ಟರ್ ಸ್ಕಾಟ್ಲೆಂಡಿನವನು, ನಲವತ್ತರ ಹತ್ತಿರದವನು. ಅವನು ಚಮಚ ಕೆಳಗಿಟ್ಟು ಕೇಳಿದ: "ಯುದ್ಧದ ಮಾತಿರಲಿ, ನಾನು ಶಾಲೆಗೆ ಹೋಗುವಾಗಿನದು ಯಾಕೆ ಹೇಳುವುದಿಲ್ಲ? ಆ ಮೂರು ವರ್ಷ ಚಳಿಗಾಲದಲ್ಲೂ ಗಡಿಯಾರ ಹಿಂದಿಡಲೇ ಇಲ್ಲವಲ್ಲ. ಪ್ರಯೋಗ ಮಾಡಿ ನೋಡುತ್ತೇವೆ ಅಂದರು. ನಮ್ಮೂರಲ್ಲಿ ಹತ್ತು ಗಂಟೆಯಾದರೂ ಬೆಳಕಾಗುತ್ತಿರಲಿಲ್ಲ. ಕಾರಿನವರಿಗೆ ಕಾಣಲಿ ಎಂದು ತೋಳಿಗೆ ಹೊಳೆಯುವ ಪಟ್ಟಿ ಕಟ್ಟಿ ನಮ್ಮನ್ನು ಕಳಿಸುತ್ತಿದ್ದರು."

"ಯಾವ ಮೂರು ವರ್ಷ?" ಎಂದು ಜಗದೇವಪ್ಪ ಕೇಳಿದ.

"ಅರವತ್ತೆಂಟರಿಂದ ಎಪ್ಪತ್ತೊಂದರವರೆಗೆ. ರೈತರು, ಹಾಲಿನವರು, ಅಂಚೆಯವರು ಬೈದೂ ಬೈದೂ ಕೊನೆಗೆ ಬಿಡಿಸಿದರು."

ಜಗದೇವಪ್ಪ ಅರ್ಧ ಉಂಡ ತಟ್ಟೆಯನ್ನು ದೂರ ಸರಿಸಿದ. ಅವನು ಎದ್ದು ಹೋದದ್ದನ್ನು ನೋಡಿ, ವಾದದಲ್ಲಿ ಸೋತದ್ದಕ್ಕೆ ಸಿಟ್ಟಾಗಿದ್ದಾನೆ ಎಂದು ಉಳಿದವರು ನಕ್ಕರು.

ಅಂದು ಸಂಜೆ ಟೂಟಿಂಗ್ ಲೈಬ್ರರಿಯಲ್ಲಿ ಹಳೆಯ ಪುಸ್ತಕ ತೆಗೆಸಿ ನೋಡಿದ. ಪೋರ್ಟರ್ ಹೇಳಿದ್ದು ನಿಜ. ೧೯೬೮ರ ಫೆಬ್ರವರಿಯಲ್ಲಿ ಮುಂದಿಟ್ಟ ಗಡಿಯಾರವನ್ನು ಹಿಂದಿಟ್ಟದ್ದು ೧೯೭೧ರ ಅಕ್ಟೋಬರ್ ಕೊನೆಗೆ. ಕಾರ್ಖಾನೆಯವರು ಚೀಟಿ ಅಂಟಿಸಿದ್ದು ಆಗಲೇ. ಲಂಡನ್ನಿನಲ್ಲಿ ಜನವರಿ ಇಪ್ಪತ್ತರ ಸೂರ್ಯೋದಯ ಏಳು ಐವತ್ತೈದಕ್ಕೆ. ಆ ವರ್ಷ ಗೋಡೆಯ ಗಡಿಯಾರದಲ್ಲಿ ಅದು ಎಂಟು ಐವತ್ತೈದು. ಎದುರಿನ ಮನೆಗಳ ಮಾಡು ದಾಟಿ ವಾರ್ಡಿನ ಕಿಟಕಿಗೆ ಕೆಂಪು ಬರಲು ಇನ್ನು ಕಾಲು ಗಂಟೆ ಹಿಡಿಯಿತು ಎಂದುಕೊಂಡರೆ ಒಂಬತ್ತು ಹತ್ತು.

ಮನೆಗೆ ಬಂದವನೇ ಕೋಟು ಬಿಚ್ಚದೆ ರತ್ನಾಬಾಯಿಗೆ ಹೇಳಿದ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕೈ ನಿಂತಿತು.

"ಇಪ್ಪತ್ತಾರ ವರ್ಷ ಹೇಳೀನ್ರಿ ನಿಮಗ," ಎಂದಳು. "ನಾ ಕಂಡೀನಿ ಅಂತ ಇಪ್ಪತ್ತಾರ ವರ್ಷ ಹೇಳೀನಿ." ಹಂಚಿನ ಮೇಲಿದ್ದ ಚಪಾತಿ ಕರಿಕಾದರೂ ತೆಗೆಯಲಿಲ್ಲ.

ಜಗದೇವಪ್ಪ ಮಾಸ್ತರರಿಗೆ ಬರೆದ. ಮೂರು ವಾರಕ್ಕೆ ಉತ್ತರ ಬಂತು, ಮುದಿ ಕೈಯ ನಡುಗುವ ಅಕ್ಷರ. ಒಂದು ಗಂಟೆ ಹಿಂದೆ ಸರಿಸಿದರೆ ಲಗ್ನ ಕುಂಭವಲ್ಲ, ಮಕರ. ಕುಜ ಮೂರನೆಯ ಮನೆಗೆ ಹೋಗುತ್ತಾನೆ. ದೋಷವೇ ಇಲ್ಲ. ಕೆಳಗೆ ಒಂದು ಸಾಲು ಬೇರೆಯಾಗಿತ್ತು: "ನಾನು ಕೇಳಿದ್ದೆ, ಜಗದೇವಪ್ಪ."

ಅವನು ಎರಡು ವಾರ ಆ ಕಾಗದವನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದ. ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ಹೇಳಲು ತಾನೇ ನಾಚಬೇಕಾದಂಥ ಒಂದು ಸಂತೋಷವೂ ಇತ್ತು. ಬಾಗಿಲು ತೆರೆಯಿತಲ್ಲ! ದೋಷವಿಲ್ಲ ಅಂದಮೇಲೆ ಮಗಳು ಉಮಾಶಂಕರನ ಹತ್ತಿರವೇ ಇರಬೇಕೆಂದೇನಿದೆ? ಕರೆದುಕೊಂಡು ಬಂದರಾಯಿತು. ತಪ್ಪು ಲೆಕ್ಕ ಹಾಕಿದವನೇ ಸರಿ ಲೆಕ್ಕ ಹಿಡಿದುಕೊಂಡು ಹೋದರೆ ಅವಳು ಬೇಡವೆನ್ನುವಳೇ? ಮಾರ್ಚಿನ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ, ಉಮಾಶಂಕರ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು, ಡಿಸ್ಟ್ರಿಕ್ಟ್ ಲೈನಿನ ರೈಲು ಹಿಡಿದು ಈಸ್ಟ್ ಹ್ಯಾಮ್‌ನಲ್ಲಿ ಇಳಿದ. ಹೈ ಸ್ಟ್ರೀಟಿನ ಸೀರೆ ಅಂಗಡಿಗಳ ಮುಂದೆ ನಡೆದು ಹೋಗುವಾಗ ಮೊಮ್ಮಗಳಿಗೆ ಒಂದು ಫ್ರಾಕ್ ಕೂಡ ಕೊಂಡ.

ಉಷಾ ಬಾಗಿಲು ತೆರೆದಳು. ಎಡಗೈಯ ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತು. ಅವನು ಅದನ್ನು ಕಂಡ, ಕೇಳಲಿಲ್ಲ, ಹೇಳುವ ಆತುರದಲ್ಲಿದ್ದ. ಸ್ಫೂರ್ತಿ ನೆಲದ ಮೇಲೆ ಸ್ಟೀಲಿನ ಲೋಟ ಬಡಿಯುತ್ತ ಕೂತಿತ್ತು. ಜಗದೇವಪ್ಪ ಕಾಗದ ತೆಗೆದ, ಲೈಬ್ರರಿಯಲ್ಲಿ ಬರೆದುಕೊಂಡ ಚೀಟಿ ತೆಗೆದ, ಮೂರು ವರ್ಷದ ಪ್ರಯೋಗದ ಕಥೆ ಹೇಳಿದ. ಹೇಳುತ್ತ ಹೇಳುತ್ತ ಟೂಟಿಂಗಿನ ಹಾಲ್‌ನಲ್ಲಿ ಭಾಷಣ ಮಾಡುವ ಅದೇ ದನಿ ಬಂತು. "ನಿನಗ ದೋಷನ ಇಲ್ಲವ್ವಾ. ಯಾವಾಗೂ ಇದ್ದಿದ್ದಿಲ್ಲ. ನಡಿ, ಕೂಸಿನ್ನ ಎತ್ಕೊ, ಮನಿಗ ಹೋಗೂಣು," ಎಂದು ಮುಗಿಸಿದ.

ಉಷಾ ಬಹಳ ಹೊತ್ತು ಕಾಗದ ನೋಡಿದಳು. ಹಾಗಾದರೆ ಚಂದ್ರು, ಎಂದು ಇಂಗ್ಲಿಷಿನಲ್ಲಿ ಶುರುಮಾಡಿದವಳು ಅಲ್ಲಿಗೇ ಬಿಟ್ಟಳು. ಮೂರು ಸಲ ನಾನೇ ಬಂದಿದ್ದೆನಲ್ಲ ಡ್ಯಾಡ್ ಎಂದಳು.

"ಆಗ ಗೊತ್ತಿರ್ಲಿಲ್ಲವ್ವಾ."

ಅವಳು ತಲೆ ಎತ್ತಿದಳು. ಹುಟ್ಟಿದಾಗಿನಿಂದ ಅಪ್ಪನ ಜೊತೆ ನಾಲ್ಕು ಮಾತು ಕನ್ನಡದಲ್ಲಿ ಆಡದಿದ್ದವಳು, ಒಂದೊಂದೇ ಪದ ಹುಡುಕಿಕೊಂಡು, ಅವ್ವನ ಕನ್ನಡದಲ್ಲಿ ಕೇಳಿದಳು: "ಗಡಿಯಾರ ಖರೇನ ಇತ್ತಂತ ತಿಳ್ಕೊ ಅಪ್ಪಾ. ದೋಷ ಖರೇನ ಇತ್ತಂತ ತಿಳ್ಕೊ. ಆಗ ಇದು ಸರಿ ಇರ್ತಿತ್ತೇನು?" ಬ್ಯಾಂಡೇಜ್ ಕಟ್ಟಿದ ಕೈಯನ್ನು ಅವನ ಮುಂದೆ ಹಿಡಿದಿದ್ದಳು.

ಸುಳ್ಳು ಹೇಳಲು ಬಾರದ ಮನುಷ್ಯ ಜಗದೇವಪ್ಪ. ಒಂದು ಕ್ಷಣ ಯೋಚಿಸಿ, ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ.

"ಖರೇ ಇದ್ದಿದ್ರ... ಅದು ಬ್ಯಾರೆ ಮಾತವ್ವಾ."

ಉಷಾ ಕಾಗದ ಮಡಚಿ ಅವನ ಕೈಗೆ ಕೊಟ್ಟಳು. ಟೀ ಕುಡಿದು ಹೋಗಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು, ಪರಿಚಯದವರಿಗೆ ಹೇಳುವ ಹಾಗೆ. ಅವನು ಟೀ ಕುಡಿದ. ಅವಳು ಬಾಗಿಲವರೆಗೆ ಬಂದು ಕಳಿಸಿದಳು. ಟ್ಯೂಬಿನಲ್ಲಿ ಕೂತ ಮೇಲೆ ಫ್ರಾಕಿನ ಚೀಲ ತನ್ನ ತೊಡೆಯ ಮೇಲೇ ಇದೆಯೆಂದು ಅವನಿಗೆ ಗೊತ್ತಾಯಿತು.

ಮೂರು ತಿಂಗಳ ಮೇಲೆ ಉಷಾ ಉಮಾಶಂಕರನನ್ನು ಬಿಟ್ಟಳು. ಟೂಟಿಂಗಿಗೆ ಬರಲಿಲ್ಲ. ಹೊಡೆತ ತಿಂದ ಹೆಂಗಸರಿಗೆ ಆಸರೆ ಕೊಡುವ ಮನೆಯೊಂದರಲ್ಲಿ ವರ್ಷವಿದ್ದು, ಆಮೇಲೆ ನಗರಸಭೆಯವರು ಕೊಟ್ಟ ಫ್ಲ್ಯಾಟ್ ಸೇರಿದಳು. ಅದು ಯಾವ ಬೀದಿಯಲ್ಲಿದೆಯೆಂದು ರತ್ನಾಬಾಯಿಗೆ ಮಾತ್ರ ಗೊತ್ತು. ಹೇಳುವುದಿಲ್ಲ ಎಂದು ಅವಳು ಮಗಳಿಗೆ ಮಾತು ಕೊಟ್ಟಿದ್ದಳು, ಮತ್ತು ಆ ಮನೆಯಲ್ಲಿ ಮಾತಿಗೆ ತಪ್ಪದಿರುವುದು ಈಗ ಅವಳ ಸರದಿಯಾಗಿತ್ತು. ತಿಂಗಳಿಗೊಮ್ಮೆ ಮೊಮ್ಮಗಳನ್ನು ನೋಡಿ ಬರುತ್ತಿದ್ದಳು. ಜಗದೇವಪ್ಪ ಕೇಳುತ್ತಿರಲಿಲ್ಲ, ಅವಳು ಕಳಚಿಟ್ಟ ಚಪ್ಪಲಿಯ ಕೆಸರನ್ನು ನೋಡುತ್ತಿದ್ದ, ಯಾವ ಕಡೆಯ ಮಣ್ಣು ಎಂಬಂತೆ.

ಏಣಿ ಹೊರುವುದು ತಪ್ಪಲಿಲ್ಲ. ೨೦೦೪ರಲ್ಲಿ ರಿಟೈರ್ ಆಗುವವರೆಗೆ ವರ್ಷಕ್ಕೆರಡು ಭಾನುವಾರ ಮುನ್ನೂರ ಹನ್ನೆರಡು ಗಡಿಯಾರ ತಿರುಗಿಸಿದ. ಮನೆಯ ಗಡಿಯಾರವನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಅದನ್ನು ರತ್ನಾಬಾಯಿಯೇ ಸ್ಟೂಲ್ ಹತ್ತಿ ಸರಿಮಾಡುತ್ತಿದ್ದಳು. ಅಷ್ಟರಲ್ಲಿ ಟೂಟಿಂಗ್ ಹಾಲ್‌ನ ಊಟದ ಸಾಲಿಗೆ ಹೊಸಬರು ಬಂದಿದ್ದರು, ಬೆಂಗಳೂರಿನ ಕಂಪ್ಯೂಟರಿನವರು. ಪಾರ್ಲಿಮೆಂಟಿನಲ್ಲಿ ಗಡಿಯಾರದ ಮಾತು ಮತ್ತೆ ಎದ್ದಾಗ ಅನಂತಮೂರ್ತಿ ಎಂಬ ಹುಡುಗ ಬಂದು, "ಅಂಕಲ್, ಈ ಟೈಮ್ ಚೇಂಜ್ ಕಥೆ ನಿಮಗೆ ಚೆನ್ನಾಗಿ ಗೊತ್ತಂತೆ, ಹೇಳಿ," ಎಂದ. ಜಗದೇವಪ್ಪ ತನಗೇನೂ ಗೊತ್ತಿಲ್ಲವೆಂದು ಹೇಳಿ ಮಜ್ಜಿಗೆ ಹಾಕಿಸಿಕೊಂಡ. ಅದು ಅವನು ಆಡಿದ ಮೊದಲ ಸುಳ್ಳಿರಬೇಕು.

೨೦೦೫ರ ಅಕ್ಟೋಬರಿನ ಗಡಿಯಾರ ಹಿಂದಿಟ್ಟ ಭಾನುವಾರ, ಬೆಳಿಗ್ಗೆ ಉಷಾ ತಾಯಿಗೆ ಫೋನ್ ಮಾಡಿದ್ದಳು. ಮಾತು ಮುಗಿಯುವ ಹೊತ್ತಿಗೆ ಜಗದೇವಪ್ಪ ಕುರ್ಚಿಯಿಂದ ಎದ್ದು ಬಂದು ನಿಂತ.

"ಆಕಿಗೆ ಒಂದ್ ಮಾತ ಹೇಳ ರತ್ನಾ. ಸರಿ ಇರ್ತಿರ್ಲಿಲ್ಲಂತ ಹೇಳು."

ರತ್ನಾಬಾಯಿ ಗಂಡನ ಮುಖ ನೋಡಿದಳು. ರಿಸೀವರ್ ಅವನ ಕೈಗೆ ಕೊಟ್ಟಳು. "ನೀವ ಹೇಳ್ರಿ."

ಅವನು ಕಿವಿಗಿಟ್ಟುಕೊಂಡ. ಆ ಕಡೆ ಉಸಿರು ಕೇಳುತ್ತಿತ್ತು.

"ಉಷಾ," ಎಂದ. "ಅವತ್ತ ನೀ ಕೇಳಿದ್ದೆಲ್ಲವ್ವಾ. ಗಡಿಯಾರ ಖರೇ ಇದ್ದಿದ್ರೂ ಸರಿ ಇರ್ತಿರ್ಲಿಲ್ಲ. ದೋಷ ಇದ್ದಿದ್ರೂ ಸರಿ ಇರ್ತಿರ್ಲಿಲ್ಲವ್ವಾ."

ಮಾತು ಪೂರ್ತಿ ಕೇಳಿದ ಮೇಲೆ ಆ ಕಡೆ ಫೋನ್ ಇಟ್ಟ ಸದ್ದಾಯಿತು. ಜಗದೇವಪ್ಪ ರಿಸೀವರ್ ಕೆಳಗಿಡಲಿಲ್ಲ, ಆ ಮಾತನ್ನೇ ಇನ್ನೊಮ್ಮೆ ಮೊದಲಿನಿಂದ ಹೇಳಿದ.